ನೋಡಿ ಕಲಿಯುವವರಾ, ಕೇಳಿ ಕಲಿಯುವವರಾ? ಕಲಿಕೆಯ ಶೈಲಿ ಮತ್ತು ತಂತ್ರಜ್ಞಾನ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೊಸ ಜಾಗಕ್ಕೆ ದಾರಿ ಹುಡುಕಬೇಕು. ನೀವು ನಕ್ಷೆ ನೋಡುತ್ತೀರಾ, ಯಾರನ್ನಾದರೂ ಕೇಳುತ್ತೀರಾ, ಬರೆದುಕೊಳ್ಳುತ್ತೀರಾ, ಇಲ್ಲ ಸುಮ್ನೆ ಹೊರಟುಬಿಡುತ್ತೀರಾ? ಇಂಥ ಹತ್ತು ಹದಿನೈದು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಕೊನೆಗೆ ಒಂದು ಫಲಿತಾಂಶ ಬರುತ್ತದೆ. "ನೀವು ನೋಡಿ ಕಲಿಯುವವರು." ಅಥವಾ ಕೇಳಿ, ಓದಿ ಬರೆದು, ಮಾಡಿ ಕಲಿಯುವವರು.

ಆ ಒಂದು ಸಾಲು ಪದವಿ ಮುಗಿಯುವವರೆಗೂ ಬೆನ್ನು ಬಿಡುವುದಿಲ್ಲ. "ಪುಸ್ತಕ ನನ್ನ ತಲೆಗೆ ಹತ್ತಲ್ಲ, ನಾನು ವಿಡಿಯೋ ನೋಡಿಯೇ ಕಲಿಯೋದು" ಎನ್ನುವ ವಿದ್ಯಾರ್ಥಿಗಳನ್ನು ನಾನು ಬಹಳ ಮಂದಿ ಕಂಡಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೇ ನಂಬಿದ್ದೆ. ಒಂದೊಂದು ಅಧ್ಯಾಯಕ್ಕೂ ಇಡೀ ಸಂಜೆ ಕೂತು ಬಣ್ಣಬಣ್ಣದ ಚಿತ್ರ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ಉತ್ತರ ಯಾವ ಮೂಲೆಯಲ್ಲಿತ್ತು, ಅದಕ್ಕೆ ಯಾವ ಬಣ್ಣ ಬಳಿದಿದ್ದೆ ಎಂಬುದೆಲ್ಲ ನೆನಪಾಗುತ್ತಿತ್ತು. ಉತ್ತರ ಮಾತ್ರ ನೆನಪಾಗುತ್ತಿರಲಿಲ್ಲ. ಅಷ್ಟು ಶ್ರಮ ಹಾಕಿಯೂ ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ನಿಮಗೆ ಅಷ್ಟು ಕಾಲ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಹೆಜ್ಜೆಗಳಿಗೆಲ್ಲ ತಳಪಾಯ ಒಂದೇ. ನಿಮ್ಮ ಫೋನು, ಲ್ಯಾಪ್‌ಟಾಪ್ ನಿಮಗೆ ಪಾಠ ಹೇಳುವುದಕ್ಕಿಂತ ಜಾಸ್ತಿ ನಿಮ್ಮನ್ನು ಪ್ರಶ್ನೆ ಕೇಳಬೇಕು.

ಹೆಜ್ಜೆ 1: ಹಣೆಪಟ್ಟಿಯನ್ನು ಪಕ್ಕಕ್ಕಿಡಿ

ಮೊದಲು ಈ ಹಣೆಪಟ್ಟಿ ಎಲ್ಲಿಂದ ಬಂತು ನೋಡೋಣ. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು ಎಂಬ ನಾಲ್ಕು ವಿಂಗಡಣೆಯ ವಾರ್ಕ್ ಪ್ರಶ್ನಾವಳಿಯನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದರು. ಅದರ ಬಗ್ಗೆ ಅವರು ಕಾಲೀನ್ ಮಿಲ್ಸ್ ಜೊತೆ ಬರೆದ ಲೇಖನ 1992ರಲ್ಲಿ ಬಂತು. ವಿದ್ಯಾರ್ಥಿ ತನ್ನ ಓದಿನ ರೀತಿಯನ್ನು ತಾನೇ ಒಮ್ಮೆ ಯೋಚಿಸಿ ನೋಡಲಿ ಎಂಬುದು ಅವರ ಉದ್ದೇಶವಾಗಿತ್ತು. ಕೋಲ್ಬ್ ಅವರದು, ಫೆಲ್ಡರ್ ಮತ್ತು ಸಿಲ್ವರ್‌ಮನ್ ಅವರದು ಎಂದು ಇನ್ನೂ ಹಲವು ಮಾದರಿಗಳಿವೆ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ ಇಂಥ 71 ಮಾದರಿಗಳು ಸಿಕ್ಕಿದ್ದವು. ಒಬ್ಬನೇ ವಿದ್ಯಾರ್ಥಿಗೆ 71 ಬಗೆಯ ಹಣೆಪಟ್ಟಿ!

ಈ ಶೈಲಿಗೆ ತಕ್ಕಂತೆ ಓದಿದರೆ ನಿಜಕ್ಕೂ ಜಾಸ್ತಿ ಕಲಿಯುತ್ತೇವಾ? 2008ರಲ್ಲಿ ಪ್ಯಾಶ್ಲರ್, ಮೆಕ್‌ಡೇನಿಯಲ್, ರೋರರ್, ಬ್ಯೋರ್ಕ್ ಎಂಬ ನಾಲ್ವರು ಮನಶ್ಶಾಸ್ತ್ರಜ್ಞರು ಇದನ್ನೇ ಕೈಗೆತ್ತಿಕೊಂಡರು. ಇದು ನಿಜವಾಗಬೇಕಾದರೆ, ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟಾಗ, ನೋಡಿ ಕಲಿಯುವವರು ಚಿತ್ರದ ಪಾಠದಿಂದಲೂ ಕೇಳಿ ಕಲಿಯುವವರು ಮಾತಿನ ಪಾಠದಿಂದಲೂ ಹೆಚ್ಚು ಅಂಕ ತೆಗೆಯಬೇಕು ಎಂದರು. ಅಷ್ಟು ಸರಿಯಾಗಿ ನಡೆಸಿದ ಪ್ರಯೋಗಗಳೇ ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲೂ ಹಲವು ಈ ಮಾತಿಗೆ ವಿರುದ್ಧವಾಗಿಯೇ ಬಂದಿದ್ದವು.

2018ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ದೇಹರಚನಾ ಶಾಸ್ತ್ರ ಓದುವ 400ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಮೂರರಲ್ಲಿ ಎರಡು ಪಾಲು ಮಂದಿ ತಮ್ಮ ಶೈಲಿ ಯಾವುದೆಂದು ಗೊತ್ತಾದ ಮೇಲೂ ಅದಕ್ಕೆ ತಕ್ಕಂತೆ ಓದಿರಲಿಲ್ಲ. ಓದಿದವರಿಗೂ ಜಾಸ್ತಿ ಅಂಕವೇನೂ ಬಂದಿರಲಿಲ್ಲ. ಆದರೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ಆನ್‌ಲೈನಿನಲ್ಲಿ ನೋಡಿ ಅಭ್ಯಾಸ ಮಾಡಿದವರು, ಶೈಲಿ ಯಾವುದೇ ಇರಲಿ, ಚೆನ್ನಾಗಿ ಮಾಡಿದ್ದರು. ಅಂಗಾಂಶ ಗುರುತಿಸುವ ಪರೀಕ್ಷೆಗೆ ಅಂಗಾಂಶವನ್ನೇ ನೋಡಬೇಕಲ್ವಾ?

ಹಾಗೆಂದು ನಿಮ್ಮ ಇಷ್ಟ ಸುಳ್ಳಲ್ಲ. ಒಬ್ಬರಿಗೆ ವಿಡಿಯೋ ಇಷ್ಟ, ಇನ್ನೊಬ್ಬರಿಗೆ ಪುಸ್ತಕ. ಇಷ್ಟವಾದದ್ದು ಕೂತು ಓದುವ ಮನಸ್ಸು ಕೊಡುತ್ತದೆ, ಅದು ದೊಡ್ಡದೇ. ಆದರೆ ಇಷ್ಟವಾಗಿದ್ದೆಲ್ಲ ತಲೆಯಲ್ಲಿ ನಿಲ್ಲುತ್ತದೆ ಎಂದಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ದೃಷ್ಟಿದೋಷ, ಕಿವುಡು, ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದಲು ಕಷ್ಟವಾಗುವ ಸ್ಥಿತಿ) ಇರುವವರಿಗೆ ಪಠ್ಯವನ್ನು ಓದಿ ಹೇಳುವ ಸಾಫ್ಟ್‌ವೇರ್, ವಿಡಿಯೋದ ಕೆಳಗಿನ ಬರಹ, ದೊಡ್ಡ ಅಕ್ಷರ ಬೇಕೇ ಬೇಕು. ಅದು ಶೈಲಿಯ ಮಾತಲ್ಲ, ಅಗತ್ಯ. ಅದನ್ನು ಕೇಳಿ ಪಡೆಯಲು ಎಳ್ಳಷ್ಟೂ ಹಿಂಜರಿಯಬೇಡಿ.

ಹೆಜ್ಜೆ 2: ಒಂದು ವಾರದ ಲೆಕ್ಕ ಬರೆಯಿರಿ

ಹೊಸ ಆಪ್ ಹಾಕಿಕೊಳ್ಳುವ ಮೊದಲು ಈಗ ಏನು ಮಾಡುತ್ತಿದ್ದೀರಿ ಎಂದು ತಿಳಿಯಿರಿ. ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ "ನನಗೆ ಹೇಳಿದ್ದು", ಬಲಕ್ಕೆ "ನನ್ನನ್ನು ಕೇಳಿದ್ದು". ವಿಡಿಯೋ ನೋಡಿದ್ದು, ಸ್ಲೈಡ್ ತಿರುವಿದ್ದು, ಪಿಡಿಎಫ್‌ನಲ್ಲಿ ಗೆರೆ ಎಳೆದದ್ದು ಎಡಕ್ಕೆ. ಲೆಕ್ಕ ಬಿಡಿಸಿದ್ದು, ಕ್ವಿಜ್ ಮಾಡಿದ್ದು, ನೋಟ್ಸ್ ಮುಚ್ಚಿ ನೆನಪಿಸಿಕೊಂಡದ್ದು, ಗೆಳತಿಗೆ ವಿವರಿಸಿದ್ದು ಬಲಕ್ಕೆ. ದಿನಾ ರಾತ್ರಿ ಎಷ್ಟು ನಿಮಿಷ ಎಂದಷ್ಟೇ ಬರೆಯಿರಿ. ಫೋನಿನ ಬಳಕೆಯ ಲೆಕ್ಕ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.

ವಾರದ ಕೊನೆಗೆ ಎಡಭಾಗ ತುಂಬಿ ತುಳುಕಿ ಬಲಭಾಗ ಖಾಲಿ ಹೊಡೆಯುತ್ತಿದ್ದರೆ ಗಾಬರಿ ಬೇಡ. ನಾನು ನೋಡಿರುವ ಹೆಚ್ಚಿನವರ ಹಾಳೆ ಹಾಗೇ ಇರುತ್ತದೆ.

ಹೆಜ್ಜೆ 3: ವಿಷಯ ಏನು ಕೇಳುತ್ತದೆ ನೋಡಿ

"ನಾನು ಹೇಗೆ ಕಲಿಯುವವನು" ಎಂಬ ಪ್ರಶ್ನೆಯ ಜಾಗಕ್ಕೆ "ಪರೀಕ್ಷೆಯಲ್ಲಿ, ಮುಂದೆ ಕೆಲಸದಲ್ಲಿ, ನಾನು ಏನು ಮಾಡಿ ತೋರಿಸಬೇಕು" ಎಂಬ ಪ್ರಶ್ನೆ ತನ್ನಿ. ಸಾಧನವನ್ನು ಆರಿಸಬೇಕಾದದ್ದು ಅದರ ಮೇಲೆ.

ಭಾಷೆಯ ಉಚ್ಚಾರಣೆಗೆ ಕಿವಿ ಮತ್ತು ಬಾಯಿ ಬೇಕು. ಆಡಿಯೋ ಕೇಳಿ, ನಿಮ್ಮ ದನಿ ರೆಕಾರ್ಡ್ ಮಾಡಿ, ಎರಡನ್ನೂ ಒಟ್ಟಿಗಿಟ್ಟು ಕೇಳಿ. ಪ್ರೋಗ್ರಾಮಿಂಗ್‌ಗೆ ಕೈ ಬೇಕು. ಬೇರೆಯವರು ಕೋಡ್ ಬರೆಯುವ ವಿಡಿಯೋ ನೋಡಿ ಯಾರಿಗೂ ಕೋಡ್ ಬರೆಯಲು ಬರುವುದಿಲ್ಲ, ಈಜುವವರನ್ನು ದಡದಲ್ಲಿ ನಿಂತು ನೋಡಿದಂತೆ. ಭೂಗೋಳಕ್ಕೆ ನಕ್ಷೆ ಬೇಕು, ಅದೂ ಹೆಸರಿಲ್ಲದ ಖಾಲಿ ನಕ್ಷೆ. ಕಾನೂನು, ತತ್ವಶಾಸ್ತ್ರಕ್ಕೆ ನಿಧಾನದ ಓದು ಮತ್ತು ಬರವಣಿಗೆ ಬೇಕು. ಇಲ್ಲಿ ಹತ್ತು ನಿಮಿಷದ ಸಾರಾಂಶದ ವಿಡಿಯೋ ವಾದದ ತಿರುಳನ್ನೇ ಬಿಟ್ಟುಬಿಡುತ್ತದೆ.

ಚಿತ್ರ ಮತ್ತು ಮಾತು ಒಟ್ಟಿಗೆ ಇದ್ದರೆ ಎಲ್ಲರಿಗೂ ಅನುಕೂಲ. ಒಂದು ರೇಖಾಚಿತ್ರ, ಪಕ್ಕದಲ್ಲಿ ಎರಡು ಸಾಲಿನ ವಿವರಣೆ. ಇದು "ನೋಡಿ ಕಲಿಯುವ" ಮಂದಿಗೆ ಮಾತ್ರ ಮೀಸಲಲ್ಲ.

ಹೆಜ್ಜೆ 4: ತರಗತಿಯಲ್ಲಿ ಪೆನ್ನೋ ಲ್ಯಾಪ್‌ಟಾಪೋ

2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ನಡೆಸಿದ ಪ್ರಯೋಗ ಬಹಳ ಹೆಸರು ಮಾಡಿತು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಮಾತನ್ನು ಅಕ್ಷರಶಃ ಇಳಿಸಿಕೊಂಡರು, ಆದರೆ ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಬರಹದವರಿಗಿಂತ ಹಿಂದೆ ಬಿದ್ದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ. ಹಾಗಾಗಿ ಪೆನ್ನೇ ಶ್ರೇಷ್ಠ ಎಂದು ಹಟ ಹಿಡಿಯಬೇಕಿಲ್ಲ. ಟೈಪ್ ಮಾಡಿ, ಆದರೆ ನಿಮ್ಮ ಮಾತಿನಲ್ಲಿ ಮಾಡಿ. ಸಮೀಕರಣ, ರಚನಾಸೂತ್ರ, ಚಿತ್ರ ಜಾಸ್ತಿ ಇರುವ ವಿಷಯಕ್ಕೆ ಕಾಗದವೋ ಟ್ಯಾಬ್ಲೆಟ್ಟಿನ ಪೆನ್ನೋ ಸಲೀಸು.

ಲ್ಯಾಪ್‌ಟಾಪಿನ ನಿಜವಾದ ತೊಂದರೆ ಬೇರೆ ಇದೆ. 2013ರಲ್ಲಿ ಕೆನಡಾದ ಸಾನಾ ಮತ್ತು ಜೊತೆಗಾರರು ಉಪನ್ಯಾಸದ ನಡುವೆ ಕೆಲವರಿಗೆ ಬೇರೆ ಬೇರೆ ಆನ್‌ಲೈನ್ ಕೆಲಸ ಕೊಟ್ಟರು. ಅವರ ಅಂಕ ಇಳಿಯಿತು. ಅವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತವರ ಅಂಕವೂ ಇಳಿಯಿತು! ಅವರು ತಾವಾಗಿ ಏನೂ ತಪ್ಪು ಮಾಡಿರಲಿಲ್ಲ. ತರಗತಿಯಲ್ಲಿ ಬೇರೆ ಪುಟ ತೆರೆಯುವ ಮೊದಲು ಹಿಂದೆ ಕೂತವರನ್ನೂ ನೆನೆಯಿರಿ. ನೀವು ಆದಷ್ಟು ಮುಂದೆ ಕೂರಿ.

ನೋಟ್ಸ್‌ಗೆ ಕಾರ್ನೆಲ್ ಕ್ರಮ ನನಗೆ ಮೆಚ್ಚುಗೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಇದನ್ನು ಬಳಕೆಗೆ ತಂದರು. ಪುಟದ ಎಡಕ್ಕೆ ಮೂರು ಬೆರಳಗಲ ಜಾಗ ಬಿಡಿ, ಕೆಳಗೆ ಐದಾರು ಸಾಲು ಬಿಡಿ. ತರಗತಿಯಲ್ಲಿ ಬಲಭಾಗದಲ್ಲಿ ಮಾತ್ರ ಬರೆಯಿರಿ. ಎಡದ ಜಾಗ ಮುಂದಿನ ಹೆಜ್ಜೆಗೆ, ಕೆಳಗಿನ ಸಾಲುಗಳು ಪುಟದ ಸಾರಾಂಶಕ್ಕೆ.

ಹೆಜ್ಜೆ 5: ನೋಟ್ಸನ್ನು ಪ್ರಶ್ನೆಯಾಗಿಸಿ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ಪಾಠ ನೋಡದೆ ನೆನಪಿಗೆ ಬಂದಷ್ಟು ಬರೆಯಿತು. ಐದು ನಿಮಿಷದ ಬಳಿಕ ಕೇಳಿದರೆ ಓದಿದವರೇ ಮುಂದೆ, ಶೇ. 83ಕ್ಕೆ ಎದುರಾಗಿ ಶೇ. 71. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಲೆಕೆಳಗು. ಓದಿದವರಿಗೆ ಶೇ. 40 ನೆನಪಿತ್ತು, ಬರೆದವರಿಗೆ ಶೇ. 61.

ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವುವಾಗ "ಎಲ್ಲ ಗೊತ್ತಿದೆ" ಅನ್ನಿಸುತ್ತದಲ್ಲ, ಆ ಭಾವನೆ ಬರುವುದು ಇಲ್ಲಿಂದಲೇ. ಪುಟದ ಗುರುತು ಸಿಗುತ್ತದೆ, ಹಾಗಾಗಿ ಕಲಿತೆ ಅನ್ನಿಸುತ್ತದೆ. ದಿನಾ ಬಸ್ಸಿನಲ್ಲಿ ಕಾಣುವ ಮುಖ ನೆನಪಿರುತ್ತದೆ, ಹೆಸರು ಕೇಳಿದರೆ ಬಾಯಿ ಕಟ್ಟುತ್ತದೆ. ಹಾಗೇ ಇದು.

ಮಾಡುವ ರೀತಿ ಹೀಗೆ. ತರಗತಿ ಮುಗಿದ ದಿನವೇ, ಸಂಜೆಯೊಳಗೆ, ನೋಟ್ಸ್ ತೆರೆಯುವ ಮುನ್ನ ಒಂದು ಖಾಲಿ ಹಾಳೆಯಲ್ಲಿ ಐದು ನಿಮಿಷ ನೆನಪಿದ್ದಷ್ಟು ಬರೆಯಿರಿ. ಆಮೇಲೆ ನೋಟ್ಸ್ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ಸೇರಿಸಿ. ಈಗ ಪುಟದ ಎಡದ ಜಾಗದಲ್ಲಿ ಪ್ರಶ್ನೆಗಳನ್ನು ಬರೆಯಿರಿ, ಅವನ್ನೇ ಫ್ಲಾಶ್‌ಕಾರ್ಡ್ ಮಾಡಿ, ಅಂದರೆ ಒಂದು ಬದಿಗೆ ಪ್ರಶ್ನೆ, ಹಿಂಬದಿಗೆ ಉತ್ತರ ಇರುವ ಚಿಕ್ಕ ಕಾರ್ಡ್.

ಕಾರ್ಡಿನ ಗುಣ ನಿಂತಿರುವುದು ಪ್ರಶ್ನೆಯ ಮೇಲೆ. ಹೃದಯದ ಪಾಠ ಎಂದುಕೊಳ್ಳಿ. "ಹೃದಯದ ರಚನೆ ವಿವರಿಸಿ" ಎಂಬ ಕಾರ್ಡ್ ಕೆಲಸಕ್ಕೆ ಬಾರದು. ಹಿಂಬದಿಯಲ್ಲಿ ಇಡೀ ಪುಟದ ಉತ್ತರ ತುಂಬುತ್ತೀರಿ, ಅರ್ಧ ಹೇಳಿ "ಸರಿ, ಗೊತ್ತು" ಎಂದು ಮುಂದೆ ಹೋಗುತ್ತೀರಿ. ಅದನ್ನೇ ಒಡೆಯಿರಿ. "ಬಲಗಡೆಯ ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಯಾವ ಕವಾಟ?" ಉತ್ತರ, ಟ್ರೈಕಸ್ಪಿಡ್. "ಎಡ ಕೆಳಕೋಣೆಯ ಗೋಡೆ ಬಲದ್ದಕ್ಕಿಂತ ದಪ್ಪ ಯಾಕೆ?" ಎಡದ್ದು ಇಡೀ ದೇಹಕ್ಕೆ ರಕ್ತ ತಳ್ಳಬೇಕು, ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ. ಮೂರನೆಯದು ಹೃದಯದ ಚಿತ್ರ, ಹೆಸರುಗಳನ್ನು ಮುಚ್ಚಿ. ಒಂದು ಕಾರ್ಡಿಗೆ ಒಂದೇ ವಿಷಯ. ಹೆಸರು ಕೇಳುವ ಮೂರು ಕಾರ್ಡಿದ್ದರೆ "ಯಾಕೆ" ಎಂದು ಕೇಳುವ ಒಂದಾದರೂ ಇರಲಿ. ಇಲ್ಲದಿದ್ದರೆ ಅದು ಬರೀ ಉರು ಹೊಡೆದಂತೆ.

ಕಾರ್ಡನ್ನು ನೀವೇ ಬರೆಯಿರಿ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟು ಇಳಿಸಿಕೊಳ್ಳುವುದು ಸುಲಭ. ಆದರೆ ಯಾವುದು ಪ್ರಶ್ನೆಯಾಗಬೇಕು ಎಂದು ಯೋಚಿಸುವುದರಲ್ಲೇ ಅರ್ಧ ಓದು ಇದೆ. ತಿರುವಿ ನೋಡುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಮಗೆ ನಾವೇ ರಿಯಾಯಿತಿ ಕೊಟ್ಟುಬಿಡುತ್ತೇವೆ.

ಹೆಜ್ಜೆ 6: ಯಾವಾಗ ಓದಬೇಕೆಂದು ಯಂತ್ರ ನೆನಪಿಸಲಿ

ಮರೆವಿನ ಲೆಕ್ಕ ಹಳೆಯದು. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಅದನ್ನು ಪ್ರಕಟಿಸಿದ. ಕಲಿತ ಕೂಡಲೇ ಬೇಗಬೇಗ ಮರೆಯುತ್ತೇವೆ, ಆಮೇಲೆ ಮರೆಯುವ ವೇಗ ತಗ್ಗುತ್ತದೆ. ನಡುವೆ ಅಂತರ ಬಿಟ್ಟು ಮತ್ತೆ ನೆನಪಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ. ಎಷ್ಟು ಅಂತರ? 2008ರಲ್ಲಿ ಸೆಪೆಡಾ ಮತ್ತು ಸಂಗಡಿಗರು ಅಳೆದು ನೋಡಿದಾಗ, ಒಂದು ವಾರದ ಬಳಿಕದ ಪರೀಕ್ಷೆಗೆ ಒಂದು ದಿನದ ಅಂತರ ಚೆನ್ನಾಗಿತ್ತು, 35 ದಿನದ ಬಳಿಕದ ಪರೀಕ್ಷೆಗೆ 11 ದಿನದ ಅಂತರ. ಪರೀಕ್ಷೆ ದೂರವಿದ್ದಷ್ಟೂ ಅಂತರ ಹಿಗ್ಗಿಸಬಹುದು.

ಇದನ್ನು ಕೈಯಲ್ಲಿ ಲೆಕ್ಕವಿಡುವುದು ತಲೆನೋವಿನ ಕೆಲಸ. ಇಲ್ಲಿಯೇ ಕಂಪ್ಯೂಟರ್ ನಿಜವಾಗಿ ನೆರವಿಗೆ ಬರುವುದು. 2006ರಿಂದ ಇರುವ ಆಂಕಿ ಎಂಬ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ ಉಚಿತ. ಸುಲಭವಾಗಿ ಹೇಳಿದ ಕಾರ್ಡನ್ನು ದೂರಕ್ಕೆ ತಳ್ಳುತ್ತದೆ, ತಪ್ಪಿದ್ದನ್ನು ಬೇಗ ವಾಪಸ್ ತರುತ್ತದೆ. ಫೋನಿನಿಂದ ದೂರ ಇರಬೇಕೆನ್ನುವವರು ಲೈಟ್ನರ್ ಪೆಟ್ಟಿಗೆ ಮಾಡಿಕೊಳ್ಳಿ. ಪೆಟ್ಟಿಗೆಯಲ್ಲಿ ಐದು ಖಾನೆ. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೆ, ಮೂರನೆಯದು ವಾರಕ್ಕೆ, ಹೀಗೆ. ಸರಿಯಾದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ.

ದಿನಕ್ಕೆ 15ರಿಂದ 20 ಹೊಸ ಕಾರ್ಡ್ ಸಾಕು. ಮೊದಲ ದಿನದ ಉತ್ಸಾಹದಲ್ಲಿ 100 ಹಾಕಿದರೆ ಎರಡು ವಾರಕ್ಕೆ ರಾಶಿ ಬಿದ್ದು ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಇದನ್ನು ಬಹಳ ಸಲ ನೋಡಿದ್ದೇನೆ, ಬೇಸರವಾಗುತ್ತದೆ.

ಲೆಕ್ಕದ ವಿಷಯಗಳಲ್ಲಿ ಇನ್ನೊಂದು ಸೂತ್ರವಿದೆ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಬೇಡಿ, ಬೇರೆ ಬೇರೆ ಬಗೆಯವನ್ನು ಬೆರೆಸಿ. 2007ರಲ್ಲಿ ರೋರರ್ ಮತ್ತು ಟೇಲರ್ ನಡೆಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ. 60. ವಾರದ ಬಳಿಕ ಸಾಲಾಗಿ ಮಾಡಿದವರು ಶೇ. 20ಕ್ಕೆ ಕುಸಿದರು, ಬೆರೆಸಿದವರು ಶೇ. 63ರಲ್ಲಿದ್ದರು. ಓದುವಾಗ ಕಷ್ಟ ಅನ್ನಿಸಿದರೆ "ನನ್ನ ಶೈಲಿಗೆ ಇದು ಹೊಂದಲ್ಲ" ಎಂದು ಬಿಟ್ಟುಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಕಷ್ಟವಾಗುತ್ತಿರುವುದೇ ಕಲಿಕೆ ನಡೆಯುತ್ತಿರುವ ಗುರುತು ಆಗಿರಬಹುದು.

ಹೆಜ್ಜೆ 7: ವಿಡಿಯೋ ಮತ್ತು ಪಿಡಿಎಫ್

ರೆಕಾರ್ಡ್ ಆದ ಪಾಠವನ್ನು ಎರಡು ಪಟ್ಟು ವೇಗದಲ್ಲಿ ನೋಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಎರಡು ಪಟ್ಟಿನವರೆಗೆ ನಷ್ಟ ತೀರಾ ಕಡಿಮೆ, ಎರಡೂವರೆಗೆ ಹೋದರೆ ಅರ್ಥವಾಗುವುದು ತಗ್ಗುತ್ತದೆ. ಹೊಸ ವಿಷಯವನ್ನು ಮಾಮೂಲಿ ವೇಗದಲ್ಲೇ ನೋಡಿ, ಪುನರಾವರ್ತನೆಗೆ ವೇಗ ಹೆಚ್ಚಿಸಿ ಎಂಬುದು ನನ್ನ ಸಲಹೆ. ಉಳಿದ ಸಮಯವನ್ನು ಪ್ರಶ್ನೆಗಳಿಗೆ ಬಳಸಿ. ಐದಾರು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ, "ಈಗ ಏನು ಹೇಳಿದರು" ಎಂದು ಒಂದು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಹಿಂದಕ್ಕೆ ಹೋಗಿ.

ಪರದೆಯ ಮೇಲೆ ಓದುವಾಗ ನಾವು ತುಸು ಅವಸರ ಮಾಡುತ್ತೇವೆ. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾಹಿತಿಯ ಬರಹಗಳಲ್ಲಿ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಾಗದದ ಮೇಲೆ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಕಷ್ಟದ ಅಧ್ಯಾಯವನ್ನು ಪ್ರಿಂಟ್ ತೆಗೆಯಿರಿ. ಉಳಿದದ್ದಕ್ಕೆ ಪಿಡಿಎಫ್ ಸಾಕು.

ಹೆಜ್ಜೆ 8: ಚಾಟ್‌ಬಾಟ್ ಉತ್ತರ ಕೊಡದಿರಲಿ

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಪ್ರಯೋಗ 2024ರಲ್ಲಿ ಹೊರಬಂತು. ಚಾಟ್‌ಬಾಟನ್ನು ಇದ್ದ ಹಾಗೇ ಬಳಸಿದವರು ಅಭ್ಯಾಸದಲ್ಲಿ, ಬಳಸದವರಿಗಿಂತ ಶೇ. 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಬಳಸದೇ ಇದ್ದವರಿಗಿಂತ ಶೇ. 17 ಕೆಳಗಿಳಿದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಚಾಟ್‌ಬಾಟ್ ಬಳಸಿದವರಲ್ಲಿ ಈ ನಷ್ಟ ಹೆಚ್ಚುಕಡಿಮೆ ಕಾಣಲಿಲ್ಲ. ಅವರು ಶಾಲಾ ಮಕ್ಕಳು ನಿಜ, ಆದರೆ ನಮಗೂ ಇದು ಎಚ್ಚರಿಕೆಯೇ.

ಹಾಗಾಗಿ ಚಾಟ್‌ಬಾಟಿಗೆ ಮೊದಲೇ ಹೇಳಿ: "ನಾನು ಅಂಕಿಅಂಶ ಶಾಸ್ತ್ರದ ವಿದ್ಯಾರ್ಥಿ. ಉತ್ತರ ಕೊಡಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಾನು ತಪ್ಪಿದರೆ ಎಲ್ಲಿ ತಪ್ಪಿದೆ ಎಂದು ಸುಳಿವು ಮಾತ್ರ ಕೊಡು." ಇಲ್ಲವೇ ನೀವೇ ಒಂದು ವಿವರಣೆ ಬರೆದು "ಇದರಲ್ಲಿ ಯಾವ ಹಂತ ಬಿಟ್ಟುಹೋಗಿದೆ" ಎಂದು ಕೇಳಿ. ಲೆಕ್ಕಕ್ಕೆ ಕನಿಷ್ಠ ಹತ್ತು ನಿಮಿಷ ನೀವೇ ತಲೆ ಕೆಡಿಸಿಕೊಂಡ ಮೇಲಷ್ಟೇ ಅದನ್ನು ತೆರೆಯಿರಿ. ಅದು ಹೇಳಿದ್ದನ್ನು ಪಠ್ಯಪುಸ್ತಕದ ಜೊತೆ ತಾಳೆ ನೋಡಿ, ಇಲ್ಲದ ಪುಸ್ತಕದ ಹೆಸರನ್ನೂ ಅದು ಸಲೀಸಾಗಿ ಹೇಳಿಬಿಡುತ್ತದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ತಿಳಿದುಕೊಂಡೇ ಬಳಸಿ.

ಹೆಜ್ಜೆ 9: ಫೋನಿಗೆ ಒಂದು ಜಾಗ

ಓದುವ ಹೊತ್ತಿನಲ್ಲಿ ಫೋನು ಬೇರೆ ಕೋಣೆಯಲ್ಲಿರಲಿ. ಕಾರ್ಡುಗಳು ಫೋನಿನಲ್ಲೇ ಇದ್ದರೆ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಶುರು ಮಾಡಲು ಒಳ್ಳೆಯದು. ಟೈಮರ್ ಫೋನಿನಲ್ಲಿ ಬೇಡ, ಬೇರೆ ಗಡಿಯಾರ ಇಡಿ. ಬಿಡುವಿನಲ್ಲಿ ಎದ್ದು ಓಡಾಡಿ.

ಹೆಜ್ಜೆ 10: ನಿಮ್ಮ ಮೇಲೆಯೇ ಪ್ರಯೋಗ ಮಾಡಿ

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಒಂದೇ ಪುಸ್ತಕದಿಂದ, ಒಂದೇ ಕಷ್ಟದ, ಒಂದೇ ಉದ್ದದ ಎರಡು ಅಧ್ಯಾಯ ಆರಿಸಿ. ಮೊದಲನೆಯದನ್ನು ನಿಮಗೆ ಇಷ್ಟವಾದ ರೀತಿಯಲ್ಲಿ ಒಂದು ಗಂಟೆ ಓದಿ, ವಿಡಿಯೋ ಆಗಲಿ, ಬಣ್ಣದ ಚಿತ್ರವಾಗಲಿ. ಎರಡನೆಯದಕ್ಕೂ ಒಂದೇ ಗಂಟೆ. ಇಪ್ಪತ್ತು ನಿಮಿಷ ಓದು, ನಲವತ್ತು ನಿಮಿಷ ನೋಟ್ಸ್ ಮುಚ್ಚಿ ಪ್ರಶ್ನೋತ್ತರ. ಮುಗಿದ ಕೂಡಲೇ ಎರಡಕ್ಕೂ ಹತ್ತರಲ್ಲಿ ಎಷ್ಟು ಅಂಕ ಬರಬಹುದು ಎಂದು ಊಹೆ ಬರೆದಿಡಿ. ಏಳು ದಿನ ಎರಡನ್ನೂ ಮುಟ್ಟಬೇಡಿ. ಎಂಟನೇ ದಿನ ಗೆಳೆಯರೊಬ್ಬರಿಗೆ ಪುಸ್ತಕ ಕೊಟ್ಟು, ಎರಡೂ ಅಧ್ಯಾಯದಿಂದ ಹತ್ತು ಹತ್ತು ಪ್ರಶ್ನೆ ಕೇಳಿಸಿಕೊಳ್ಳಿ. ಯಾವ ಅಧ್ಯಾಯವನ್ನು ಹೇಗೆ ಓದಿದಿರಿ ಎಂದು ಅವರಿಗೆ ಮೊದಲೇ ಹೇಳಬೇಡಿ.

ಬಂದ ಅಂಕವನ್ನು ಊಹೆಯ ಪಕ್ಕದಲ್ಲಿ ಬರೆಯಿರಿ. ಅಂಕದಷ್ಟೇ, ಊಹೆ ಎಷ್ಟು ತಪ್ಪಿತು ಎಂಬುದನ್ನೂ ನೋಡಿ. ಮುಂದಿನ ತಿಂಗಳು ಬೇರೆ ವಿಷಯಕ್ಕೆ ಇದನ್ನೇ ಮಾಡಿ. ರಸಾಯನಶಾಸ್ತ್ರಕ್ಕೆ ಬಂದ ಉತ್ತರವೇ ಇತಿಹಾಸಕ್ಕೂ ಬರಬೇಕೆಂದಿಲ್ಲ, ಹಾಗಾಗಿ ಒಂದೊಂದು ವಿಷಯಕ್ಕೂ ನೋಟ್‌ಬುಕ್ಕಿನಲ್ಲಿ ಬೇರೆಬೇರೆ ಪುಟ ಬಿಡಿ.